ಮಂಗಳವಾರದ ಎರಡು ಗಂಟೆ

"ನಮ್ಮನ್ನ ಮುಚ್ಚಿಸೋಕೆ ಬಂದವರಲ್ಲಿ ನೀವು ಎಷ್ಟನೆಯವರು ಗೊತ್ತಾ?"

ಬಾಗಿಲಲ್ಲಿ ನಿಂತವನ ಮುಖವನ್ನೂ ನೋಡದೆ ಮೆರಿನ್ ಕೇಳಿದಳು. ಕಿವಿಯಲ್ಲಿ ಫೋನ್, ಕೈಯಲ್ಲಿ ಕೆಲಸಗಾರರ ವಾರದ ಡ್ಯೂಟಿ ಪಟ್ಟಿ, ಮೇಜಿನ ಮೇಲೆ ಅರ್ಧ ಕಚ್ಚಿಟ್ಟ, ಮಾಂಸ ಆಲೂಗಡ್ಡೆ ತುಂಬಿದ ಪ್ಯಾಸ್ಟಿ.

"ಗೊತ್ತಿಲ್ಲ. ಎಷ್ಟನೆಯವನು?"

"ಮೂರನೆಯವರು. ಮೊದಲು ಬಂದವರು ನಿಮ್ಮದನ್ನ ಅಡಿಲೇಡಿನ ದೊಡ್ಡ ಸಂಸ್ಥೆಗೆ ಕೊಟ್ಟುಬಿಡಿ ಅಂದ್ರು. ಆಮೇಲೆ ಬಂದವರು ನಲವತ್ತು ಪುಟದ ವರದಿ ಕಳಿಸಿದ್ರು. ಅದರಲ್ಲಿ ಊರಿನ ಹೆಸರೇ ತಪ್ಪಾಗಿತ್ತು."

"ಮೂಂಟಾ. ಸರಿ ತಾನೇ?" ಅವನು ಒಳಗೆ ಬಂದ. "ನಾನು ರೋರಿ ಕ್ವಿನ್. ಮುಚ್ಚಿಸೋಕೆ ಬಂದಿಲ್ಲ. ಹೊಸ ಕಾನೂನು ಬಂದ ಮೇಲೂ ನೀವು ಉಳಿಯೋ ಹಾಗೆ ಮಾಡೋಕೆ ಸರ್ಕಾರದವರು ಅಡಿಲೇಡಿಂದ ಕಳಿಸಿದ್ದಾರೆ. ಆರು ವಾರ ಇದೆ."

ಮೆರಿನ್ ತಲೆಯೆತ್ತಿದಳು. ಕಂದು ಗಡ್ಡ, ಮಡಚಿದ ತೋಳಿನ ಅಂಗಿ, ಎರಡೂ ಕಂಕುಳಲ್ಲಿ ಕಾಗದದ ಡಬ್ಬಗಳು. ನಗು ಬಂದುಬಿಡುತ್ತದೇನೋ ಎಂದು ತುಟಿ ಬಿಗಿಹಿಡಿದಳು. ಮೂರನೆಯವನ ಎದುರು ಅಷ್ಟು ಸುಲಭಕ್ಕೆ ನಗುವುದೇ?

ಊರಿನ ಹಳೆಯ ಸಮುದಾಯ ಹಾಲ್‌ನಲ್ಲಿ ಕೂತು ಅವಳು ನಡೆಸುತ್ತಿದ್ದುದು ಅರವತ್ತೊಂದು ಮುದುಕ ಮುದುಕಿಯರ ಬದುಕನ್ನು. ಏಳು ಜನ ಕೆಲಸಗಾರರು ಮನೆಮನೆಗೆ ಹೋಗಿ ಸ್ನಾನ ಮಾಡಿಸುತ್ತಿದ್ದರು, ನೆಲ ಒರೆಸುತ್ತಿದ್ದರು, ಅಡುಗೆ ಮಾಡಿಡುತ್ತಿದ್ದರು. ನವೆಂಬರ್ ಒಂದರಿಂದ ಸರ್ಕಾರ ಮನೆ ನೆರವಿನ ಪದ್ಧತಿಯನ್ನೇ ಬದಲಿಸಲಿತ್ತು. ಯಾರಿಗೆ ಯಾವ ಕೆಲಸ, ಎಷ್ಟು ನಿಮಿಷ ಎಂಬುದೆಲ್ಲ ಹೊಸ ಪಟ್ಟಿಗೆ ತಾಳೆಯಾಗಬೇಕು. ತಾಳೆಯಾಗದ ಸಂಸ್ಥೆ ಬಾಗಿಲು ಹಾಕಬೇಕು. ಆಗ ಈ ಅರವತ್ತೊಂದು ಜನ?

ಅವರನ್ನು ಬಿಟ್ಟು ಹೋಗುವಂತಿಲ್ಲ. ಮನೆಯನ್ನೂ ಬಿಟ್ಟು ಹೋಗುವಂತಿಲ್ಲ.

ಮನೆಯಲ್ಲಿ ಎಂಬತ್ತನಾಲ್ಕರ ಮಾವ ಕ್ಲೆಮ್ ಇದ್ದರು. ನಾಲ್ಕು ವರ್ಷದ ಹಿಂದೆ, ಗೋಧಿ ಕೊಯ್ಲಿನ ದಿನಗಳಲ್ಲಿ, ಮೆರಿನ್‌ಳ ಗಂಡ ಜಾಗೊ ಲಾರಿ ಅಪಘಾತದಲ್ಲಿ ಹೋದ. ಮಣ್ಣು ಮಾಡಿ ಬಂದ ದಿನ ಅವಳು ಕ್ಲೆಮ್‌ಗೆ ಸೂಪ್ ಬಿಸಿ ಮಾಡಿಕೊಟ್ಟಳು. ಮರುದಿನವೂ ಕೊಟ್ಟಳು. ಹಾಗೇ ನಾಲ್ಕು ವರ್ಷ ಕಳೆಯಿತು. ಬೆಳಿಗ್ಗೆ ಐದೂವರೆಗೆ ಎದ್ದು ಅವರ ಸ್ನಾನ, ಬಟ್ಟೆ, ತಿಂಡಿ. ಆಮೇಲೆ ಹಾಲ್. ಮಧ್ಯಾಹ್ನ ಒಂದಕ್ಕೆ ಓಡಿಬಂದು ಮಾತ್ರೆ. ಐದಕ್ಕೆ ಮತ್ತೆ ಮನೆ.

ಇರು ಎಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಜಗಳವಾಡಬಹುದಿತ್ತು. ಈಗ ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು?

ಹೊಸ ಪದ್ಧತಿಗೆ ಮುಂಚೆ ಒಬ್ಬೊಬ್ಬರ ಮನೆಗೂ ಹೊರಗಿನಿಂದ ನರ್ಸ್ ಬಂದು ಪರಿಶೀಲನೆ ಮಾಡುತ್ತಿದ್ದರು. ಎಷ್ಟು ನೆರವು ಸಿಗಬೇಕು ಎಂಬುದು ಅದರಿಂದಲೇ ತೀರ್ಮಾನ. ಮೊದಲ ಸರದಿ ಎಂಬತ್ತೇಳರ ಡಲ್ಸಿ ರಾಡಾ ಅವರದು. ಫಲಿತಾಂಶ ನೋಡಿ ಮೆರಿನ್ ತಲೆ ಹಿಡಿದುಕೊಂಡಳು. ಡಲ್ಸಿಗೆ ನೆರವಿನ ಅಗತ್ಯ ತೀರಾ ಕಡಿಮೆ ಎಂದು ಬಂದಿತ್ತು.

ರೋರಿ ಡಲ್ಸಿಯನ್ನು ಹಾಲ್‌ಗೆ ಕರೆಸಿ ಟೀ ಕೊಟ್ಟು ಪಕ್ಕದಲ್ಲೇ ಕೂತ.

"ನರ್ಸ್ ಬಂದ ದಿನ ಏನು ಮಾಡಿದ್ರಿ, ಡಲ್ಸಿ?"

"ಓವನ್ನಲ್ಲಿ ಸ್ಕೋನ್ ಬನ್ ಮಾಡಿದೆ. ಮನೆಗೆ ಬಂದವರಿಗೆ ಖಾಲಿ ಟೀ ಕೊಡೋಕಾಗುತ್ತಾ? ನಾಲ್ಕು ಗಂಟೆಗೇ ಎದ್ದೆ. ಮನೆ ಗುಡಿಸಿದೆ. ತಲೆ ಬಾಚ್ಕೊಂಡು ಮುತ್ತಿನ ಸರ ಹಾಕ್ಕೊಂಡೆ."

"ಆಮೇಲೆ?"

"ಆಮೇಲೆ ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಸೊಂಟ ಕೇಳ್ಬೇಕಲ್ಲಪ್ಪ."

"ಅದನ್ನ ನರ್ಸ್‌ಗೆ ಹೇಳಿದ್ರಾ?"

ಡಲ್ಸಿ ಅವನನ್ನು ಅಯ್ಯೋ ಪಾಪ ಎಂಬಂತೆ ನೋಡಿದರು. "ಹೇಗಿದ್ದೀರಿ ಅಂದ್ರು. ಚೆನ್ನಾಗಿದ್ದೀನಿ, ದೂರೋಕೆ ಏನೂ ಇಲ್ಲ ಅಂದೆ. ಮತ್ತೇನು ಅಂತಾರೆ?"

ಅದೇ ಆ ಊರಿನ ಕಾಯಿಲೆ. ಕಾಲು ಮುರಿದಿದ್ದರೂ ಚೆನ್ನಾಗಿದ್ದೀನಿ ಅನ್ನುವ ಜನ. ಮುಂದಿನ ಬುಧವಾರದಿಂದ ರೋರಿ ಅವರನ್ನೆಲ್ಲ ಕೂರಿಸಿ ಪಾಠ ಶುರುಮಾಡಿದ. ಒಬ್ಬೊಬ್ಬರೂ ತಮ್ಮ ಕೈಲಾಗದ ಒಂದು ಕೆಲಸವನ್ನು ಬಾಯಿಬಿಟ್ಟು ಹೇಳಬೇಕು. ಮೊದಲ ವಾರ ಯಾರೂ ಹೇಳಲಿಲ್ಲ. ಎರಡನೇ ವಾರ ಡಲ್ಸಿ, "ಕಾಲುಚೀಲ ಹಾಕೋಕಾಗಲ್ಲ" ಎಂದು ಗೋಡೆ ನೋಡುತ್ತ ಹೇಳಿದರು. ಹಿಂದಿನ ಸಾಲಿನಿಂದ ಒಬ್ಬ ಮುದುಕ, "ನಂಗೂ ಅಷ್ಟೇ, ಆರು ತಿಂಗಳಾಯ್ತು" ಅಂದ. ಹಾಲ್ ತುಂಬ ನಗು ಎದ್ದಿತು. ಆಮೇಲೆ ಮಾತು ನಿಲ್ಲಲೇ ಇಲ್ಲ.

ಎಲ್ಲರೂ ಹೋದ ಮೇಲೆ ಕುರ್ಚಿ ಜೋಡಿಸುತ್ತ ರೋರಿ ಕೇಳಿದ, "ನೀನು ಹೇಗಿದ್ದೀಯ ಮೆರಿನ್?"

"ಚೆನ್ನಾಗಿದ್ದೀನಿ."

"ಮುತ್ತಿನ ಸರ ಒಂದು ಕಡಿಮೆ ಅಷ್ಟೇ."

ಈ ಸಲ ಅವಳು ನಕ್ಕೇಬಿಟ್ಟಳು. ಆಮೇಲೆ ಮುಖ ತಿರುಗಿಸಿ ತಾನೂ ಕುರ್ಚಿ ಜೋಡಿಸತೊಡಗಿದಳು. ಯಾಕೆ ಇವನು ಹೀಗೆ ಕೇಳ್ತಾನೆ? ಯಾರೂ ಕೇಳದೇ ಇದ್ದಾಗ ಎಲ್ಲಾ ಸರಿಯಾಗೇ ಇತ್ತಲ್ಲ...

ದಿನಗಳು ಹೋದ ಹಾಗೆ ರೋರಿ ಮಧ್ಯಾಹ್ನ ಮನೆಗೂ ಬರತೊಡಗಿದ. ಕ್ಲೆಮ್‌ಗೆ ಅವನೆಂದರೆ ಖುಷಿ. ಸಮುದ್ರದೊಳಕ್ಕೆ ಚಾಚಿದ ಜೆಟ್ಟಿ ಕಟ್ಟೆಯಲ್ಲಿ ನೀಲಿ ಏಡಿ ಹಿಡಿಯುವ ಕತೆಗಳನ್ನು ಹಿಂದೆ ಯಾರಿಗೂ ಹೇಳಿಲ್ಲವೇನೋ ಎಂಬಂತೆ ಹೇಳುವರು. "ನೀನು ಹಿಡಿದ ಏಡಿ ನೋಡಿದ್ರೆ ನನ್ನ ಬೆಕ್ಕೂ ಮೂಸಲ್ಲ" ಎಂದು, ರೋರಿ ಏಡಿ ಹಿಡಿದು ತಂದಾಗಲೆಲ್ಲ, ರೇಗಿಸುವರು.

ಒಂದು ದಿನ ಡಲ್ಸಿಯ ಮನೆಯಿಂದ ಹೊರಟಾಗ, ಕಾರಿನಲ್ಲಿ, ರೋರಿ ಅವಳ ಕೈ ಹಿಡಿದ. ಅವಳೂ ಹಿಡಿದುಕೊಂಡಳು. ಎಷ್ಟು ವರ್ಷವಾಗಿತ್ತು, ಔಷಧಿಯ ವಾಸನೆಯಿಲ್ಲದ ಒಂದು ಕೈ ಹಿಡಿದು!

ಮರುಕ್ಷಣವೇ ಗಡಿಯಾರ ಕಂಡಿತು. ಒಂದಕ್ಕೆ ಐದು ನಿಮಿಷ.

"ಮಾತ್ರೆ..." ಎಂದು ಕೈ ಬಿಡಿಸಿಕೊಂಡಳು. "ನನ್ನ ಹತ್ರ ಇದಕ್ಕೆಲ್ಲ ಹೊತ್ತಿಲ್ಲ ರೋರಿ. ನಿಜವಾಗಲೂ ಇಲ್ಲ."

"ಕಾಯ್ತೀನಿ."

"ಯಾವುದಕ್ಕೆ? ಕ್ಲೆಮ್ ಸಾಯೋದಕ್ಕಾ?"

ಆ ಮಾತು ಅವಳ ಬಾಯಿಂದ ಹೇಗೆ ಬಂತೋ ಅವಳಿಗೇ ತಿಳಿಯಲಿಲ್ಲ.

ಮೂರು ದಿನ ಕಳೆದ ಮೇಲೆ, ರೋರಿಯ ಮೇಜಿನ ಮೇಲೆ ಏನೋ ಹುಡುಕುವಾಗ ಅವಳಿಗೆ ಒಂದು ಅರ್ಜಿ ಸಿಕ್ಕಿತು. ಹೊರಗಿನವರ ನೆರವು ಬೇಕು, ಮುಂದೆ ವೃದ್ಧಾಶ್ರಮದ ಅಗತ್ಯವನ್ನೂ ಪರಿಶೀಲಿಸಿ ಎಂದು ಗುರುತು ಹಾಕಿತ್ತು. ಹೆಸರು ಕ್ಲೆಮ್ ಟ್ರೆಜೈಸ್. ಬರಹ ರೋರಿಯದು.

ಕಾಯ್ತೀನಿ ಅಂದವನು ಕಾಯಲಿಲ್ಲ, ದಾರಿ ಹುಡುಕಿಕೊಂಡ.

"ಏನಿದು?" ಅವನು ಒಳಬರುತ್ತಿದ್ದಂತೆ ಕಾಗದ ಚಾಚಿದಳು.

ರೋರಿ ಕಾಗದದ ಮೇಲೆ ಕಣ್ಣಾಡಿಸಿದ. "ಅದು... ನಾನು ಹೇಳೋ ಹಾಗಿಲ್ಲ ಮೆರಿನ್."

"ನಾನು ಹೇಳ್ತೀನಿ ಬಿಡು. ಮುದುಕನ್ನ ಎಲ್ಲಾದ್ರೂ ಸಾಗಹಾಕಿದ್ರೆ ಇವಳು ಖಾಲಿಯಾಗ್ತಾಳೆ ಅಂತ. ಅಲ್ವಾ?"

"ಹಾಗಲ್ಲ."

"ಮತ್ತೆ ಹೇಗೆ? ಹೇಳು."

ಅವನು ಹೇಳಲಿಲ್ಲ. ಅವಳಿಗೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ.

"ಕೆಲಸ ಮುಗಿಸು, ಹೊರಡು. ನನ್ನ ಮನೆ ಹತ್ರ ಬರಬೇಡ."

ಮುಂದಿನ ಎರಡು ವಾರ ಅವರ ನಡುವೆ ಕಾಗದಗಳು ಮಾತ್ರ ಓಡಾಡಿದವು. ಕೆಲಸದಲ್ಲಿ ರೋರಿ ಒಂದು ದಿನವೂ ಮೋಸ ಮಾಡಲಿಲ್ಲ, ಅದೇ ಅವಳಿಗೆ ಇನ್ನಷ್ಟು ಸಿಟ್ಟು. ಡಲ್ಸಿಗೆ ಮರುಪರಿಶೀಲನೆಯಾಗಿ ಸರಿಯಾದ ನೆರವು ಸಿಕ್ಕಿತು. ಅರವತ್ತೊಂದು ಹೆಸರೂ ಹೊಸ ಪಟ್ಟಿಗೆ ತಾಳೆಯಾದವು. ಹಾಲ್ ಉಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೆರಿನ್‌ಗೆ ಮಾತ್ರ ಎದೆಯ ಮೇಲೆ ಯಾರೋ ಕೂತಂತಿತ್ತು. ಇನ್ನು ಇಲ್ಲಿಂದ ಹೋಗೋಕೆ ಒಂದು ನೆಪ ಕೂಡ ಉಳಿದಿಲ್ಲ...

ಅಕ್ಟೋಬರ್ ಕೊನೆಯಲ್ಲಿ ಆ ಅರ್ಜಿಯ ಮೇಲೆ ನರ್ಸ್ ಮನೆಗೇ ಬಂದಳು. ಬೇಡವೆಂದು ಫೋನ್ ಮಾಡಲು ಹೋದ ಮೆರಿನ್‌ಳನ್ನು ಕ್ಲೆಮ್ ತಡೆದಿದ್ದರು. "ಬರ್ಲಿ ಬಿಡು. ಬಂದು ನೋಡ್ಕೊಂಡು ಹೋಗ್ಲಿ."

ಅವರೂ ಡಲ್ಸಿಯಂತೆ ಎಲ್ಲಾ ಸರಿಯಿದೆ ಅನ್ನುತ್ತಾರೆ, ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡು ಮೆರಿನ್ ಅವರ ಒಳ್ಳೆಯ ಅಂಗಿ ಇಸ್ತ್ರಿ ಮಾಡಿದಳು. ಗಡ್ಡ ಹೆರೆಯಲು ಬಿಸಿನೀರು ತಂದಳು.

"ಇವತ್ತು ಬೇಡ ಹುಡುಗಿ," ಅಂದರು ಕ್ಲೆಮ್. "ನಾನು ಇರೋ ಹಾಗೇ ನೋಡ್ಲಿ."

ನರ್ಸ್ ಎದುರು ಕೂತು ಕೇಳತೊಡಗಿದಳು. "ಸ್ನಾನ ನೀವೇ ಮಾಡ್ತೀರಾ?"

"ಆಗಲ್ಲ."

"ಬಟ್ಟೆ ಹಾಕ್ಕೊಳ್ಳೋದು?"

"ಆಗಲ್ಲ. ಗುಂಡಿ ಹಾಕೋಕೆ ಬೆರಳು ಬಾಗಲ್ಲ."

"ಬಿದ್ದಿದ್ದೀರಾ?"

"ಎರಡು ಸಲ, ಬಚ್ಚಲಲ್ಲಿ. ಇವಳಿಗೆ ಹೇಳಿಲ್ಲ."

ಮೆರಿನ್ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಮೂವತ್ತು ವರ್ಷ ಗೋಧಿ ಕಣಜದಲ್ಲಿ ಮೂಟೆ ಎತ್ತಿದ ಮನುಷ್ಯ. ಮಗ ಸತ್ತಾಗಲೂ ಜನರ ಮುಂದೆ ಅಳಲಿಲ್ಲ.

"ಇದನ್ನೆಲ್ಲ ಯಾರು ಮಾಡ್ತಾರೆ?" ನರ್ಸ್ ಕೇಳಿದಳು.

"ನನ್ನ ಸೊಸೆ. ಮೂವತ್ತಾರು ವಯಸ್ಸು. ನಾಲ್ಕು ವರ್ಷದಿಂದ ಒಂದು ಭಾನುವಾರ ಕೂಡ ಹೊರಗೆ ಹೋಗಿಲ್ಲ. ನಿಮಗೆ ಫೋನ್ ಮಾಡಿದ್ದು ನಾನೇ ಕಣಮ್ಮ. ರೋರಿ ಕೈಲಿ ಅರ್ಜಿ ಬರೆಸಿದ್ದೂ ನಾನೇ. ಇವಳಿಗೆ ಹೇಳಬೇಡ ಅಂತ ಮಾತು ತಗೊಂಡಿದ್ದೆ."

ನರ್ಸ್ ಹೋದ ಮೇಲೆ ಮೆರಿನ್ ಅವರ ಮುಂದೆ ನೆಲದ ಮೇಲೆ ಕೂತಳು. ಕಣ್ಣೀರು ಒರೆಸಿಕೊಳ್ಳಲೂ ಮರೆತಿದ್ದಳು.

"ನನಗೇ ಹೇಳಬಹುದಿತ್ತಲ್ಲ ಕ್ಲೆಮ್?"

"ಹೇಳಿದ್ರೆ ನೀನು ಬಿಡ್ತಿದ್ದೆಯಾ?"

"ನೀವು ಭಾರ ಅಂತ ನಾನು ಯಾವತ್ತಾದ್ರೂ ಅಂದಿದ್ದೀನಾ?"

"ಅಂದಿಲ್ಲ. ಜಾಗೊ ಹೋದ ಮೇಲೆ ನೀನು ಉಳ್ಕೊಂಡೆ. ಇರು ಅಂತ ನಾನು ಕೇಳಲಿಲ್ಲ ನಿಜ. ಹೋಗು ಅಂತಲೂ ಹೇಳಲಿಲ್ಲ. ಹೇಳಿದ್ರೆ ಹೋಗಿಬಿಡ್ತೀಯ ಅಂತ ಹೆದರಿಕೆ ನಂಗೆ. ಅದು ನನ್ನ ತಪ್ಪು. ನಾಲ್ಕು ವರ್ಷದ ತಪ್ಪು."

"ಆಶ್ರಮಕ್ಕೆ ಹೋಗ್ತೀರಾ ಹಾಗಾದ್ರೆ?"

"ಅದು ಆಮೇಲಿನ ಮಾತು. ಆ ಗುರುತು ನಾನೇ ಹಾಕಿಸಿದ್ದು, ರೋರಿ ಬೇಡ ಬೇಡ ಅಂದ. ಈಗ ನನ್ನ ಬೆನ್ನು ಬೇರೆ ಯಾರಾದ್ರೂ ಉಜ್ಜಿದ್ರೆ ಸಾಕು." ಕೈಯನ್ನು ಅವಳ ತಲೆಯ ಮೇಲಿಟ್ಟರು. "ಅವನನ್ನ ಬೈದೆಯಂತಲ್ಲ. ಮಾತು ಉಳಿಸ್ಕೊಂಡ ಹುಡುಗನ್ನ ಬೈದೆ."

ಪೂರ್ತಿ ನೆರವಿಗೆ ಉದ್ದನೆಯ ಸರದಿ, ತಿಂಗಳುಗಟ್ಟಲೆ ಕಾಯಬೇಕು. ಅಲ್ಲಿಯವರೆಗೆ ವಾರಕ್ಕೆ ಎರಡು ಗಂಟೆ, ಮಂಗಳವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು. ಅಷ್ಟೇ ಸಿಕ್ಕಿದ್ದು. ಆ ಎರಡು ಗಂಟೆ ಹಾಲ್‌ಗೂ ಹೋಗಕೂಡದು ಎಂದು ಕ್ಲೆಮ್ ಅವಳಿಂದ ಮಾತು ತೆಗೆದುಕೊಂಡರು.

ಮೊದಲ ಮಂಗಳವಾರ ಅವಳದೇ ಸಂಸ್ಥೆಯ ಕೆಲಸಗಾರ್ತಿ ಟ್ರೂಡಿ ಬಂದಳು. ಮೆರಿನ್ ಸೋಪು ಎಲ್ಲಿದೆ, ಟವೆಲ್ ಎಲ್ಲಿದೆ ಎಂದು ಮೂರು ಸಲ ತೋರಿಸಿದಳು.

"ಹೋಗೇ ಮಾರಾಯ್ತಿ, ನಂಗೆ ಗೊತ್ತು," ಎಂದು ಟ್ರೂಡಿ ಅವಳನ್ನು ಹೊರಗೆ ತಳ್ಳಿ ಬಾಗಿಲು ಹಾಕಿಕೊಂಡಳು.

ಮೆರಿನ್ ಕಾರಿನಲ್ಲಿ ಕೂತಳು. ಎಲ್ಲಿಗೆ ಹೋಗುವುದು? ಅಭ್ಯಾಸಬಲದಿಂದ ಕಾರು ಹಾಲ್‌ನತ್ತ ತಿರುಗಿತು. ಹಾಲ್ ಮುಂದೆ ಅವಳು ನಿಲ್ಲಿಸಲಿಲ್ಲ. ಸಮುದ್ರದ ಕಡೆ ಓಡಿಸಿದಳು. ರೋರಿ ಬಾಡಿಗೆಗಿದ್ದ ಪುಟ್ಟ ಮನೆ ಅಲ್ಲಿತ್ತು. ಅವನ ಆರು ವಾರ ಮುಗಿದಿತ್ತು, ಅಡಿಲೇಡಿಗೆ ವಾಪಸ್ ಹೋಗಲು ಡಬ್ಬಗಳನ್ನು ಕಾರಿಗೆ ತುಂಬುತ್ತಿದ್ದ.

ಅವಳನ್ನು ಕಂಡು ಕೈಯಲ್ಲಿದ್ದ ಡಬ್ಬ ಕೆಳಗಿಟ್ಟ.

"ಕ್ಲೆಮ್ ಎಲ್ಲಾ ಹೇಳಿದ್ರು," ಅಂದಳು. "ನಾನು ಹಾಗೆ ಅಂದಿದ್ದು ತಪ್ಪು. ತುಂಬಾ ತಪ್ಪು."

"ನಂಗೂ ಅನ್ನಿಸ್ತು, ಹೇಳಿಬಿಡೋಣ ಅಂತ. ಆದ್ರೆ ಅವರು ಜೀವನದಲ್ಲಿ ಮೊದಲ ಸಲ ಒಬ್ಬರ ಹತ್ರ ಸಹಾಯ ಕೇಳಿದ್ರು, ಮೆರಿನ್."

"ನಾನೂ ಮೊದಲ ಸಲ ಹೇಳ್ತಿದ್ದೀನಿ, ಕೇಳು. ನಾನು ಚೆನ್ನಾಗಿಲ್ಲ. ಸುಸ್ತಾಗಿದೆ. ಬೆಳಿಗ್ಗೆ ಎದ್ದರೆ ಆ ಮನೆ, ಈ ಊರು ಕತ್ತು ಹಿಸುಕಿದ ಹಾಗಾಗುತ್ತೆ. ಆದ್ರೂ ಅವರನ್ನ ಬಿಟ್ಟು ಬರೋಕಾಗಲ್ಲ. ನೀನು ಹೋದ್ರೆ ಅದನ್ನೂ ತಡೆಯೋಕಾಗಲ್ಲ. ನೀನಂದ್ರೆ ನಂಗಿಷ್ಟ, ರೋರಿ. ಕಾರಲ್ಲಿ ಕೈ ಹಿಡಿದಾಗಲೇ ಹೇಳಬೇಕಿತ್ತು."

ರೋರಿ ಹತ್ತಿರ ಬಂದ. ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದ.

"ಅವರನ್ನ ಬಿಟ್ಟು ಬಾ ಅಂತ ಯಾರು ಕೇಳಿದ್ರು? ನಂಗೂ ನೀನಂದ್ರೆ ಜೀವ. ಮುದುಕನ ಏಡಿ ಕತೆ ಸಮೇತ."

ಅವಳು ಅವನ ಎದೆಗೆ ಹಣೆಯೊರಗಿಸಿ ಸಮಾಧಾನವಾಗುವಷ್ಟು ಅತ್ತಳು. ಅವನು ಅವಸರ ಮಾಡಲಿಲ್ಲ.

ಆಮೇಲೆ ಇಬ್ಬರೂ ಸಮುದ್ರದ ಕಡೆ ಮುಖಮಾಡಿ ಮೆಟ್ಟಿಲ ಮೇಲೆ ಕೂತರು.

"ಹನ್ನೊಂದಕ್ಕೆ ನಾನು ಹಾಲಲ್ಲಿರಬೇಕು."

"ಗೊತ್ತು. ಇನ್ನೂ ಒಂದೂವರೆ ಗಂಟೆ ಇದೆ."

"ಅಷ್ಟು ಹೊತ್ತು ಜನ ಏನು ಮಾಡ್ತಾರೆ?"

"ಕೆಲವರು ಸುಮ್ಮನೆ ಕೂತ್ಕೋತಾರೆ."

ಅವಳು ಅವನ ಭುಜಕ್ಕೆ ಒರಗಿದಳು. ಸ್ವಲ್ಪ ಹೊತ್ತಿನ ಮೇಲೆ ಲೆಕ್ಕ ಹಾಕಿದವಳಂತೆ ಕೇಳಿದಳು, "ಅಡಿಲೇಡಿಂದ ಇಲ್ಲಿಗೆ ಹೋಗಿ ಬರೋಕೆ ನಾಲ್ಕು ಗಂಟೆ. ನನ್ನ ಹತ್ರ ಇರೋದು ಎರಡೇ ಗಂಟೆ. ಅಷ್ಟಕ್ಕೋಸ್ಕರ ಬರ್ತೀಯಾ?"

"ಎಷ್ಟು ಹೊತ್ತಿಗೆ ಬರಲಿ?"

"ಒಂಬತ್ತಕ್ಕೆ."

"ಒಂಬತ್ತಕ್ಕೆ ಐದು ನಿಮಿಷ ಇರುವಾಗಲೇ ಬಂದು ನಿಂತಿರ್ತೀನಿ," ಅಂದ ರೋರಿ.