ಝಡ್‌ಎಕ್ಸ್ ಒತ್ತಿದ ಬೆರಳು

"ಫೈಲ್ ಅಳಿಸಿದ್ದು ನಾನಲ್ಲ ಸರ್. ನನ್ನನ್ನ ಅಳಿಸೋದೂ ನಿಮ್ಮ ಕೈಲಾಗಲ್ಲ. ಸಹಿ ಹಾಕಲ್ಲ, ಅಷ್ಟೇ."

ಆಡಿಯೋ ಸ್ಟುಡಿಯೋದ ಯಜಮಾನರ ಮೇಜಿನ ಮೇಲಿದ್ದ ತಪ್ಪೊಪ್ಪಿಗೆ ಪತ್ರವನ್ನು ಎಡಿಟರ್ ಹುಡುಗಿ ಒಂದೇ ಬೆರಳಿನಿಂದ ಹಿಂದಕ್ಕೆ ತಳ್ಳಿದಳು. ಬಾಗಿಲ ಬಳಿ ನಿಂತಿದ್ದ ತಮ್ಮನಿಗೆ ಚಪ್ಪಾಳೆ ತಟ್ಟಬೇಕೆನಿಸಿತು. ತನ್ನ ನೌಕರಿ ನೆನಪಾಗಿ ಕೈಗಳನ್ನು ಜೇಬಿಗೆ ತುರುಕಿಕೊಂಡ. ಅವನೂ ಅಲ್ಲಿ ಎಡಿಟರೇ. ಇಡೀ ಸ್ಟುಡಿಯೋ ಅವನನ್ನು ತಮ್ಮ ಎನ್ನುತ್ತಿತ್ತು, ಏಕೆಂದರೆ ಅವನ ಅಕ್ಕ ಗಿಳಿಯಕ್ಕ ಅಲ್ಲಿ ಎಲ್ಲರಿಗೂ ಅಕ್ಕ.

ಗಿಳಿಯಕ್ಕ ಎಂದರೆ ಆಡಿಯೋ ಪುಸ್ತಕಗಳಿಗೆ ರಾಜನಿಂದ ಹಿಡಿದು ಕಪ್ಪೆಯವರೆಗೆ ಎಲ್ಲರ ಧ್ವನಿ ಕೊಡುವವಳು. ಸ್ಟುಡಿಯೋದಲ್ಲಿ ಏನೇ ಕಾಣೆಯಾಗಲಿ, ಮೊದಲ ದೂರು ಹೋಗುತ್ತಿದ್ದುದೂ ಅವಳಿಗೇ. ಈ ಸಲ ಕಾಣೆಯಾಗಿದ್ದು, ಎಲ್ಲರ ಕಂಪ್ಯೂಟರಿಗೂ ಕೈಗೆಟುಕುವ ದೊಡ್ಡ ಡಿಸ್ಕಿನಲ್ಲಿದ್ದ ಒಂದು ಇಡೀ ಕಾದಂಬರಿಯ ರೆಕಾರ್ಡಿಂಗ್. ಅದಕ್ಕೆ ಧ್ವನಿ ಕೊಟ್ಟವಳೂ ಅವಳೇ.

"ಸಾಕ್ಷಿ ಕಣ್ಮುಂದೆ ಇದೆಯಲ್ಲಮ್ಮ," ಎಂದರು ಕಂಪ್ಯೂಟರುಗಳ ಉಸ್ತುವಾರಿ ನೋಡುತ್ತಿದ್ದ ಸಿಸ್ಟಂ ಸರ್. "ಕಪ್ಪು ಕಿಟಕೀಲಿ ನೀನು ಟೈಪ್ ಮಾಡಿದ ಪ್ರತಿ ಆಜ್ಞೆನೂ ನಿನ್ನ ಲಾಗಿನ್ ಖಾತೆಯ ಹಿಸ್ಟರಿಲಿ ಉಳಿಯುತ್ತೆ. ಕೊನೇ ಸಾಲು ಏನು? ಝಡ್‌ಎಕ್ಸ್, ಮುಂದೆ ಕಾದಂಬರಿ ಫೋಲ್ಡರ್ ಹೆಸರು. ಝಡ್‌ಎಕ್ಸ್ ಅಂದ್ರೆ ಡಿಲೀಟ್. ಕಂಪ್ಯೂಟರ್ ಮುಟ್ಟಿದೋರಿಗೆಲ್ಲ ಗೊತ್ತು."

ಯಜಮಾನರು ಕಂಪ್ಯೂಟರ್ ಮುಟ್ಟುತ್ತಿದ್ದುದು ಧೂಳು ಒರೆಸಲು ಮಾತ್ರ. ಆದರೂ ಬಲ್ಲವರಂತೆ ತಲೆಯಾಡಿಸಿದರು. "ಸಂಜೆಯೊಳಗೆ ಸಹಿ. ಇಲ್ಲಾಂದ್ರೆ ನಾಳೆಯಿಂದ ಬರಬೇಡ. ಬೇರೆ ಸ್ಟುಡಿಯೋಗಳಿಗೂ ನಾನೇ ಫೋನ್ ಮಾಡಿ ಹೇಳ್ತೀನಿ."

"ಮಾಡಿ. ನಂಬರ್ ನಾನೇ ಕೊಡ್ತೀನಿ," ಎಂದು ಹುಡುಗಿ ಹೊರನಡೆದಳು. ತಮ್ಮ ಓಡಿಹೋಗಿ ಗಿಳಿಯಕ್ಕನಿಗೆ ಎಲ್ಲವನ್ನೂ ಹೇಳಿದ.

ಗಿಳಿಯಕ್ಕ ಹುಡುಗಿಯ ಕುರ್ಚಿಯ ಪಕ್ಕದಲ್ಲಿ ಕೂತಳು. "ಮರಿ, ಒಂದು ಫೋಲ್ಡರ್ ಕಾಪಿ ಮಾಡು, ನೋಡೋಣ."

ಹುಡುಗಿ ರೈಲಿನಷ್ಟು ಉದ್ದದ ಆಜ್ಞೆಯನ್ನು ಅಕ್ಷರ ಅಕ್ಷರ ಟೈಪ್ ಮಾಡಿ, ಎರಡು ಸಲ ಓದಿ, ಆಮೇಲೆ ಎಂಟರ್ ಒತ್ತಿದಳು.

"ಶಾರ್ಟ್‌ಕಟ್ ಇಲ್ವೇನೇ?"

"ಇಲ್ಲಕ್ಕ. ಪೂರ್ತಿ ಬರೆದ್ರೆ ಏನು ಮಾಡ್ತಿದೀನಿ ಅಂತ ಕಣ್ಣಿಗೆ ಕಾಣುತ್ತೆ. ಎರಡಕ್ಷರದಲ್ಲಿ ಮುಗಿಸೋದು ನಿಮ್ಮ ತಮ್ಮ."

"ಅದಕ್ಕೆ ಅಲಿಯಾಸ್ ಅಂತಾರೆ," ಎಂದ ತಮ್ಮ ಹೆಮ್ಮೆಯಿಂದ. "ಉದ್ದದ ಆಜ್ಞೆಗೆ ನಾವೇ ಇಡೋ ಅಡ್ಡಹೆಸರು. ನನ್ನದು ನನ್ನ ಖಾತೆಗೆ ಮಾತ್ರ ಗೊತ್ತು. ನಿನ್ನನ್ನ ಮನೇಲಿ ಕರೆಯೋ ಹೆಸರು ಹಿಡಿದು ಆಸ್ಪತ್ರೇಲಿ ಕೂಗಿದ್ರೆ ಯಾವ ನರ್ಸಿಗೆ ಗೊತ್ತಾಗುತ್ತೆ ಹೇಳು?"

"ಹಾಗಾದ್ರೆ ನಿನ್ನ ಮೇಲೂ ಒಂದು ಕಣ್ಣಿಡಬೇಕು," ಎಂದಳು ಅಕ್ಕ. ತಮ್ಮ ಎರಡು ಹೆಜ್ಜೆ ಹಿಂದೆ ಸರಿದ. "ಈ ಹಿಸ್ಟರಿಗೆ ಬೇರೆಯವರು ಸಾಲು ಸೇರಿಸಬಹುದೇನೋ?"

"ಅದೊಂದು ಸಾದಾ ಫೈಲಕ್ಕ. ಖಾತೆಯೊಳಗೆ ನುಗ್ಗೋಕೆ ದಾರಿ ಇದ್ರೆ ಆಯ್ತು."

ಗಿಳಿಯಕ್ಕ ಹುಡುಗಿಯ ಕೀಬೋರ್ಡಿನಲ್ಲಿ ಎರಡೇ ಎರಡು ಕೀ ಒತ್ತಿ, ಎಂಟರ್ ಹೊಡೆದು, ಪರದೆ ನೋಡಿ ನಕ್ಕಳು. ಏನೆಂದು ಹೇಳಲಿಲ್ಲ.

ಸಂಜೆ ಅವಳು ಎಲ್ಲರನ್ನೂ ರೆಕಾರ್ಡಿಂಗ್ ಕೋಣೆಗೆ ಕರೆಸಿ, ಹುಡುಗಿಯ ಕಂಪ್ಯೂಟರನ್ನು ನಡುವೆ ಇಡಿಸಿದಳು. ಯಜಮಾನರು ಪತ್ರ, ಪೆನ್ನು ಹಿಡಿದೇ ಬಂದರು.

"ಸಂಜೆಯೊಳಗೆ ಸಹಿ!" ಎಂದಿತು ಯಜಮಾನರದೇ ಗಡಸು ಧ್ವನಿ, ಗಿಳಿಯಕ್ಕನ ಬಾಯಿಂದ. ಯಜಮಾನರು ತಮ್ಮ ಬಾಯಿಯನ್ನೇ ಒಮ್ಮೆ ಮುಟ್ಟಿ ನೋಡಿಕೊಂಡರು. ಅವಳು ತನ್ನ ಧ್ವನಿಗೆ ಮರಳಿದಳು. "ಸಿಸ್ಟಂ ಸರ್, ಇಲ್ಲೊಂದು ಖಾಲಿ ಫೋಲ್ಡರ್ ಇದೆ. ಈ ಹುಡುಗಿ ಕಾದಂಬರೀನ ಹೇಗೆ ಅಳಿಸಿದಳೋ ಹಾಗೇ, ಇವಳ ಖಾತೇಲೇ ಇದನ್ನೊಂದು ಅಳಿಸಿ ತೋರಿಸಿ."

"ಅದೇನು ಮಹಾ ವಿದ್ಯೆ," ಎಂದು ಸಿಸ್ಟಂ ಸರ್ ಟಕಟಕ ಒತ್ತಿದರು. ಝಡ್‌ಎಕ್ಸ್.

ಇಂಥ ಆಜ್ಞೆ ಇಲ್ಲ, ಎಂದಿತು ಪರದೆ.

ಮತ್ತೆ, ಇನ್ನೂ ಜೋರಾಗಿ ಒತ್ತಿದರು. ಅದೇ ಉತ್ತರ. "ಇಲ್ಲ ಅಂದ್ರೇನು? ನನ್ನ ಮಷೀನಲ್ಲಿ ದಿನಾ ಕೆಲಸ ಮಾಡುತ್ತಲ್ಲ!"

ಯಜಮಾನರು ಬಾಗಿ ಪರದೆ ಓದಿದರು.

"ನಿಮ್ಮ ಮಷೀನಲ್ಲಿ ಮಾತ್ರ ಮಾಡುತ್ತೆ," ಎಂದಳು ಗಿಳಿಯಕ್ಕ. "ಝಡ್‌ಎಕ್ಸ್ ಅನ್ನೋದು ಕಂಪ್ಯೂಟರಿನ ಆಜ್ಞೆಯೇ ಅಲ್ಲ, ಯಾರೋ ಇಟ್ಟ ಅಡ್ಡಹೆಸರು. ಈ ಖಾತೆಗೆ ಅದರ ಪರಿಚಯವೇ ಇಲ್ಲ. ಅಂದ್ಮೇಲೆ ಆ ಸಾಲಿನಿಂದ ಒಂದು ಸೊಳ್ಳೆನೂ ಸಾಯಲ್ಲ. ಅದನ್ನ ಬರೆದಿಟ್ಟೋರು ಝಡ್‌ಎಕ್ಸ್ ನಿಜವಾದ ಆಜ್ಞೆ ಅಂತ ನಂಬಿದೋರು. ಜೊತೆಗೆ ಎಲ್ಲರ ಖಾತೆಗೂ ನುಗ್ಗೋ ಅಧಿಕಾರ ಇರೋರು. ನನ್ನ ತಮ್ಮನಿಗೆ ಅಡ್ಡಹೆಸರು ಅಂದ್ರೇನು ಅಂತ ಚೆನ್ನಾಗಿ ಗೊತ್ತು. ಆ ತಪ್ಪು ಅವನು ಮಾಡಲ್ಲ."

ಹಿಂದೆ ನಿಂತಿದ್ದ ತಮ್ಮ ಎರಡು ಹೆಜ್ಜೆ ಮುಂದೆ ಬಂದ.

"ಇವಳೇ ಆಮೇಲೆ ಅಡ್ಡಹೆಸರು ತೆಗೆದಿರಬಹುದಲ್ಲ?" ಯಜಮಾನರು ಪಟ್ಟು ಬಿಡಲಿಲ್ಲ.

"ಅದನ್ನ ತೆಗೆಯೋಳು ಈ ಸಾಲನ್ನೂ ತೆಗೀತಿರಲಿಲ್ವೇ ಸರ್? ನಮ್ಮ ದರ್ಶನಕ್ಕೆ ಇಟ್ಕೊತಿದ್ಲಾ?"

ಸಿಸ್ಟಂ ಸರ್ ಕೀಬೋರ್ಡಿನಿಂದ ಕೈ ತೆಗೆದರು. "ನನಗಿಂತ ಮೊದಲು ಈ ಕೆಲಸದಲ್ಲಿದ್ದ ಸರ್ ನನಗೆ ಆ ಮಷೀನ್ ಬಿಟ್ಟು ಹೋಗುವಾಗ ಅದನ್ನೇ ಹೇಳಿಕೊಟ್ಟಿದ್ರು... ಎಲ್ಲ ಕಡೆನೂ ಅದೇ ಅಂದ್ಕೊಂಡಿದ್ದೆ. ಡಿಸ್ಕಲ್ಲಿ ಜಾಗ ಮಾಡೋಕೆ ಹೋಗಿ ತಪ್ಪು ಫೋಲ್ಡರಿಗೆ ಒತ್ತಿಬಿಟ್ಟೆ. ಇವಳು ಹೊಸಬಳು, ಎದುರಾಡಲ್ಲ ಅಂತ ಆ ಸಾಲನ್ನ ಇವಳ ಹಿಸ್ಟರಿಗೆ ಸೇರಿಸಿಬಿಟ್ಟೆ..."

"ಅಲ್ಲೂ ಲೆಕ್ಕ ತಪ್ಪಿದ್ರಿ," ಎಂದಳು ಹುಡುಗಿ.

"ಕಾದಂಬರಿ ನಾನು ಮತ್ತೆ ಓದ್ತೀನಿ," ಎಂದಳು ಗಿಳಿಯಕ್ಕ. "ಈ ಸಲ ಖಳನಾಯಕನಿಗೆ ಯಾರ ಧ್ವನಿ ಅಂತ ಗೊತ್ತಾಯ್ತು."

ಯಜಮಾನರು ಪತ್ರ ಹರಿಯಲು ಹೋದರು. ಹುಡುಗಿ ಅದರ ಮೇಲೆ ಅಂಗೈ ಊರಿದಳು.

"ಹರೀಬೇಡಿ ಸರ್. ಚೆನ್ನಾಗಿ ಬರೆಸಿದೀರ. ಹೆಸರೊಂದು ಬದಲಾದ್ರೆ ಸಾಕು, ನಾನೇ ಟೈಪ್ ಮಾಡ್ತೀನಿ."

ಅವಳು ಪತ್ರದ ಫೈಲ್ ತೆರೆದು, ಸಿಸ್ಟಂ ಸರ್ ಹೆಸರನ್ನು ಅಕ್ಷರ ಅಕ್ಷರ ಪೂರ್ತಿ ಬರೆದಳು. ಎರಡು ಸಲ ಓದಿದಳು. ಪ್ರಿಂಟರಿನಿಂದ ಬಂದ ಬಿಸಿ ಹಾಳೆಯನ್ನು ಯಜಮಾನರ ಮುಂದಿಟ್ಟಳು.

"ಕೆಳಗೆ ಇನ್ನೊಂದು ಸಹಿಗೂ ಜಾಗ ಬಿಟ್ಟಿದೀನಿ ಸರ್. ವಿಚಾರಿಸದೆ ನನ್ನನ್ನ ದೂರಿದ್ದಕ್ಕೆ, ಅದು ನಿಮ್ಮದು."

ಪೆನ್ನು ಯಜಮಾನರ ಕೈಯಲ್ಲೇ ಇತ್ತು.