ಮುನಿಯ ಹೊಸ ಸೀಟು

"ಅಪ್ಪಾ, ಇನ್ನೂ ಅಲ್ಲಾಡ್ತಿದೆ."

ಚೈತ್ರ ಕಾರಿನ ಹಿಂದಿನ ಸೀಟಿನ ಮೇಲೆ ಮಂಡಿಯೂರಿ ಕುಳಿತಿದ್ದಳು. ಅವಳ ಪಕ್ಕದಲ್ಲಿ ಮೂರು ವರ್ಷದ ತಮ್ಮ ಮುನಿಯ ಹೊಸ ಸೀಟಿತ್ತು. ಕಪ್ಪು ಬಣ್ಣದ್ದು. ಭುಜಕ್ಕೆ ಎರಡು, ಸೊಂಟಕ್ಕೆ ಎರಡು, ಕಾಲುಗಳ ನಡುವೆ ಒಂದು, ಹೀಗೆ ಮಗುವನ್ನು ಹಿಡಿದಿಡಲು ಐದು ಪಟ್ಟಿಗಳು. ಆ ಸೀಟನ್ನು ಅಪ್ಪ ಸೈಕಲ್ ಟ್ಯೂಬ್ ಸುತ್ತಿ ಸುತ್ತಿ ಕಾರಿಗೆ ಬಿಗಿಯುತ್ತಿದ್ದ.

"ಎಲ್ ಅಲ್ಲಾಡ್ತದೆ? ಅತ್ತು ವರ್ಷದಿಂದ ಇದೇ ಟ್ಯೂಬಲ್ಲಿ ಆಲಿನ ಕ್ಯಾನ್ ಕಟ್ತಾ ಇದೀನಿ. ಒಂದ್ ದಿನ ಒಂದ್ ತೊಟ್ಟು ಚೆಲ್ಲೈತಾ?"

ಅದೂ ನಿಜವೇ. ಅವರ ಊರು ಕ್ಯಾಸಂಬಳ್ಳಿಯಲ್ಲಿ ಅಪ್ಪ ಕಾಂತರಾಜ ಕಟ್ಟಿದ ಅಂದರೆ ಮುಗಿಯಿತು. ನಲವತ್ತು ಲೀಟರಿನ ಎರಡು ಕ್ಯಾನುಗಳನ್ನು ಮೊಪೆಡ್ಡಿಗೆ ಕಟ್ಟಿ, ಗುಂಡಿ ಬಿದ್ದ ರಸ್ತೆಯಲ್ಲಿ ಹಾಡು ಗುನುಗಿಕೊಂಡು ಹೋಗುವ ಆಸಾಮಿ ಅವನು. ಅಂಥವನಿಗೆ ಒಂದು ಪೋರನ ಸೀಟು ಯಾವ ಲೆಕ್ಕ?

"ಕಾರಿನ ಬೆಲ್ಟಲ್ಲೇ ಕಟ್ಬೇಕು ಅಂತ ಅಂಗಡಿ ಅಂಕಲ್ ಹೇಳಿದ್ರಲ್ಲಪ್ಪಾ?"

"ನಮ್ ಕಾರಲ್ಲಿ ಇಂದ್ಗಡೆ ಸೀಟಿಗೆ ಬೆಲ್ಟಿಲ್ಲ. ಎರಡು ವರ್ಷದಿಂದ ಓಡಾಡ್ತಾ ಇದೀಯ, ಎಲ್ಲಾದ್ರೂ ನೋಡಿದೀಯಾ?"

ಚೈತ್ರ ಸರಿದು ಪಕ್ಕಕ್ಕೆ ಕುಳಿತಳು. ಈಚೆಗೆ ಅಪ್ಪನ ಜೊತೆ ವಾದ ಮಾಡಲು ಅವಳಿಗೆ ಧೈರ್ಯ ಸಾಲುತ್ತಿರಲಿಲ್ಲ.

ಹದಿನೈದು ದಿನದ ಹಿಂದೆ ಎಲ್ಲರೂ ಬಂಗಾರಪೇಟೆಗೆ ಹೊರಟಿದ್ದರು. ಚೈತ್ರ ಮುಂದಿನ ಸೀಟಿನಲ್ಲಿ ಕುಳಿತು ಮುನಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ರೈಲ್ವೆ ಗೇಟಿನ ಹತ್ತಿರ ಒಂದು ಮೇಕೆ ದಿಢೀರನೆ ಅಡ್ಡ ಬಂತು. ಅಪ್ಪ ಬ್ರೇಕ್ ಹಾಕಿದ. ಮುನಿ ಅವಳ ಕೈಯಿಂದ ಜಾರಿ ಮುಂದಕ್ಕೆ ಬಿದ್ದು ಹಣೆ ಬಡಿದುಕೊಂಡ. ಹುಬ್ಬಿನ ಮೇಲೆ ಮೂರು ಹೊಲಿಗೆ ಹಾಕಬೇಕಾಯಿತು.

"ಗಟ್ಟಿಯಾಗಿ ಇಡ್ಕೊಳ್ಳಾಕೆ ಏನಾಗಿತ್ತು ನಿಂಗೆ?" ಎಂದು ಅಪ್ಪ ಆಸ್ಪತ್ರೆಯ ಬಾಗಿಲಲ್ಲೇ ಕೂಗಾಡಿದ್ದ.

ಅಪ್ಪ ಅದನ್ನು ಮಾರನೆಯ ದಿನವೇ ಮರೆತ. ಚೈತ್ರ ಮರೆಯಲಿಲ್ಲ. ಅಂದಿನಿಂದ ಮುನಿ ಓಡಿ ಬಂದು "ಅಕ್ಕಾ, ತೊಡೆ" ಅಂದರೆ ಸಾಕು, ಏನೋ ಕೆಲಸ ನೆನಪಾದವಳಂತೆ ಎದ್ದುಬಿಡುತ್ತಿದ್ದಳು. ಪಾಪ, ಅವನಿಗೇನು ಗೊತ್ತು? ಅವಳ ಹಿಂದೆ ಹಿಂದೆಯೇ ಬರುತ್ತಿದ್ದ.

ಆ ಪೆಟ್ಟಿನ ನಂತರ ಮುನಿಗೆಂದು ಅಂಗಡಿಯಲ್ಲಿ ಸೀಟು ಆರಿಸುವಾಗ ಅವಳೇ ಹಟ ಹಿಡಿದಿದ್ದಳು. ಮುನಿಗೆ ಕರಡಿ ಚಿತ್ರದ ಹಳದಿ ಸೀಟೇ ಬೇಕಿತ್ತು. ಅದರಲ್ಲಿ ಕೂರಿಸಿದರೆ ಭುಜದ ಪಟ್ಟಿ ಅವನ ಭುಜಕ್ಕಿಂತ ಕೆಳಗೆ, ಬೆನ್ನಿನ ನಡುವಿನಿಂದ ಬರುತ್ತಿತ್ತು. "ಡೈರಿಯಲ್ಲಿ ತೂಕ ಮಾಡ್ಸಿದ್ವಿ ಅಂಕಲ್, ಈಗ್ಲೇ ಹದಿನಾಲ್ಕು ಕೆಜಿ. ಇನ್ನೂ ಬೆಳೀತಾನೆ" ಎಂದಿದ್ದಳು ಚೈತ್ರ. ಕಪ್ಪು ಸೀಟಿನಲ್ಲಾದರೆ, ಮಗು ಬೆಳೆದ ಹಾಗೆ ಪಟ್ಟಿಯನ್ನು ಮೇಲಿನ ತೂತಿಗೆ ಏರಿಸಬಹುದಿತ್ತು. ಮುನಿ ಅಂಗಡಿಯ ನೆಲದ ಮೇಲೆ ಉರುಳಾಡಿ ಅತ್ತ. ಆದರೂ ಕಪ್ಪು ಸೀಟೇ ಮನೆಗೆ ಬಂತು.

ಟ್ಯೂಬ್ ಕಟ್ಟಿದ್ದಾಯಿತು, ಕಾರು ಹೊರಟಿತು. ಉರಿಗಾಂನ ಮೆಕ್ಯಾನಿಕ್ ಸೆಲ್ವರಾಜ್ ಅವರ ಮನೆಗೆ ಒಂದು ಸಣ್ಣ ಚೀಲ ರಾಗಿ ಕೊಟ್ಟು ಬರಬೇಕಿತ್ತು. ಮೊದಲ ತಿರುವಿನಲ್ಲಿ ಮುನಿಯ ಸೀಟು ಚೈತ್ರಳ ಕಡೆಗೆ ವಾಲಿತು. ಎರಡನೆಯ ತಿರುವಿನಲ್ಲಿ ಬಾಗಿಲ ಕಡೆಗೆ ವಾಲಿತು. ಮುನಿ ಕೇಕೆ ಹಾಕಿ ನಕ್ಕ.

"ತೊಟ್ಲು ತೂಗ್ದಂಗೆ ತೂಗ್ತೈತೆ, ಬಲೇ ಸೀಟು!" ಎಂದಳು ಮುಂದೆ ಕುಳಿತಿದ್ದ ಅಶ್ವತ್ಥಮ್ಮಜ್ಜಿ.

ಚೈತ್ರಳಿಗೆ ನಗು ಬರಲಿಲ್ಲ. ಉರಿಗಾಂ ಬರುವವರೆಗೂ ಎರಡೂ ಕೈಯಲ್ಲಿ ಸೀಟನ್ನು ಹಿಡಿದೇ ಇದ್ದಳು. ತೋಳು ಸೋತು ಹೋಯಿತು.

ಸೆಲ್ವರಾಜ್ ಅವರ ಮನೆಯ ಪಕ್ಕದ ರಿಪೇರಿ ಶೆಡ್ಡಿನ ಮುಂದೆ ಕಾರು ನಿಂತದ್ದೇ ತಡ, ಅವಳು ಇಳಿದು ಓಡಿದಳು. "ಸೆಲ್ವ ಮಾಮಾ, ಈ ಸೀಟು ನೋಡಿ, ಅಲ್ಲಾಡುತ್ತೆ."

ಸೆಲ್ವರಾಜ್ ಒಂದೇ ಬೆರಳಿನಿಂದ ಸೀಟನ್ನು ತಳ್ಳಿ ನೋಡಿದರು. "ಅಯ್ಯಯ್ಯೋ, ಏನಪ್ಪಾ ಕಾಂತರಾಜು! ಮಗು ಏನ್ ಹಾಲಿನ ಕ್ಯಾನಾ? ರಬ್ಬರ್ ಎಳೆದ್ರೆ ಉದ್ದ ಆಗ್ತದೆ. ಬೆಲ್ಟ್ ಹಂಗೆ ಉದ್ದ ಆಗಲ್ಲ."

"ಬೆಲ್ಟ್ ಎಲ್ಲೈತೆ ಅಣ್ಣಾ?"

ಸೆಲ್ವರಾಜ್ ಹಿಂದಿನ ಸೀಟಿಗೆ ಹಾಕಿದ್ದ ಹೂವಿನ ಚಿತ್ರದ ಕವರಿನ ಸಂದಿಯಲ್ಲಿ ಮೊಣಕೈವರೆಗೂ ಕೈ ತೂರಿಸಿದರು. ಮೊದಲು ಕಡಲೆಕಾಯಿ ಸಿಪ್ಪೆ ಬಂತು. ಆಮೇಲೆ ಬೆಲ್ಟಿನ ಬಕಲ್ ಬಂತು. ಹಿಂದಿನ ಬೆಲ್ಟುಗಳೆಲ್ಲ ಎರಡು ವರ್ಷದಿಂದ ಆ ಕವರಿನ ಅಡಿಯಲ್ಲೇ ಹಾಯಾಗಿ ಮಲಗಿದ್ದವು! ಅಪ್ಪ ತಲೆ ಕೆರೆದುಕೊಂಡ.

ಸೆಲ್ವರಾಜ್ ಟ್ಯೂಬ್ ಬಿಚ್ಚಿ ಎಸೆದರು. ಮುನಿಯ ಸೀಟಿನ ಬೆನ್ನ ಹಿಂದೆ ಬೆಲ್ಟು ತೂರಿಸಲು ದಾರಿ ಇತ್ತು. ಅದರಲ್ಲಿ ತೂರಿಸಿ ಬಕಲ್ ಹಾಕಿದರು. "ಪಾಪಾ, ನೀನು ಇದರ ಮೇಲೆ ಮಂಡಿ ಊರಿ ಒತ್ತು" ಎಂದರು. ಚೈತ್ರ ಮೈಭಾರವನ್ನೆಲ್ಲ ಹಾಕಿ ಒತ್ತಿದಳು. ಅವರು ಬೆಲ್ಟು ಎಳೆದು ಬಿಗಿ ಮಾಡಿದರು. ಈಗ ಅವಳು ಸೀಟನ್ನು ಜಗ್ಗಿದರೆ ಇಡೀ ಕಾರು ಅಲ್ಲಾಡಿತು, ಸೀಟು ಮಾತ್ರ ಅಲ್ಲಾಡಲಿಲ್ಲ.

ಅಪ್ಪನಿಗೆ ಸ್ವಲ್ಪ ಮುಖಭಂಗವಾಯಿತು. "ಇಷ್ಟೆಲ್ಲ ಯಾಕಣ್ಣಾ? ಗಟ್ಟಿಯಾಗಿ ಇಡ್ಕೊಂಡ್ರೆ ಸಾಕು. ಅವತ್ತು ಇವ್ಳು ಕೈ ಸಡಿಲ ಬಿಟ್ಳು, ಅದಕ್ಕೇ ಅಂಗಾಯ್ತು."

ಚೈತ್ರಳ ಕಣ್ಣಲ್ಲಿ ನೀರು ತುಂಬಿತು. ಅವಳು ಮುಖ ತಿರುಗಿಸಿಕೊಂಡಳು. ಸೆಲ್ವರಾಜ್ ಅದನ್ನು ನೋಡಿದರು.

"ಬಾ ಕಾಂತರಾಜು, ಒಂದು ರೌಂಡ್ ಹೋಗಿ ಬರೋಣ. ಗಾಡಿ ನಾನು ಓಡಿಸ್ತೀನಿ. ಮಗು ಅಜ್ಜಿ ಹತ್ರ ಇರಲಿ. ನೀನು ಬೆಲ್ಟ್ ಹಾಕ್ಕೊಂಡು ಮುಂದೆ ಕೂತು ಈ ರಾಗಿ ಚೀಲ ತೊಡೆ ಮೇಲೆ ಹಿಡ್ಕೋ. ಹೆಚ್ಚು ಕಡಿಮೆ ಮುನಿಯಷ್ಟೇ ತೂಕ."

"ಇದೇನ್ ಮಹಾ!" ಎಂದು ಅಪ್ಪ ಚೀಲವನ್ನು ತಬ್ಬಿ ಕುಳಿತ. ಚೈತ್ರ ಹಿಂದೆ ಕುಳಿತು ಬೆಲ್ಟು ಹಾಕಿಕೊಂಡಳು.

ಹಳೆಯ ಚಿನ್ನದ ಗಣಿಯ ಮಣ್ಣುಗುಡ್ಡದ ಪಕ್ಕ ದೊಡ್ಡ ಖಾಲಿ ಬಯಲಿತ್ತು. ಕಾರು ಅಲ್ಲಿ ಜೋರಾಗಿ ಓಡಿತು.

"ನಿಮ್ಮ ಸೀಮೆಹಸು ಕರು ಹಾಕಿತೇನಪ್ಪಾ?" ಎಂದು ಕೇಳಿದರು ಸೆಲ್ವರಾಜ್.

ಹಸುವಿನ ಮಾತು ಬಂದರೆ ಅಪ್ಪನಿಗೆ ಮೈಮರೆವು. "ಆಕ್ತು ಅಣ್ಣಾ, ಎಣ್ಣು ಕರು. ಅಣೆ ಮ್ಯಾಲೆ ಚುಕ್ಕೆ ಐತೆ, ನೋಡಾಕೆ ಎಂಗೈತೆ ಅಂದ್ರೆ..."

ಸೆಲ್ವರಾಜ್ ಬ್ರೇಕ್ ಹಾಕಿದರು.

ಚೀಲ ಅಪ್ಪನ ತೊಡೆಯಿಂದ ಜಾರಿ ಮುಂದಕ್ಕೆ ಬಡಿದು, ಬಾಯಿ ಬಿಚ್ಚಿಕೊಂಡು ಕಾರಿನ ತುಂಬ ರಾಗಿ ಚೆಲ್ಲಿತು.

"ಏನಣ್ಣಾ ಇದು! ಏಳ್ದೆ ಬ್ರೇಕ್ ಆಕಿದ್ರೆ ಎಂಗೆ ಇಡ್ಕೊಳ್ಳಾದು?" ಎಂದು ಅಪ್ಪ ಕೂಗಿದ.

ಕೂಗಿದವನು ತನ್ನ ಖಾಲಿ ತೊಡೆಯನ್ನು ನೋಡಿದ. ಸೆಲ್ವರಾಜ್ ಎಂಜಿನ್ ಆಫ್ ಮಾಡಿದರು.

ಚೈತ್ರ ಅಪ್ಪನ ಕೈಗಳನ್ನು ನೋಡುತ್ತಿದ್ದಳು. ನಲವತ್ತು ಲೀಟರಿನ ಕ್ಯಾನು ಎತ್ತುವ ಕೈಗಳು. ಅವು ಇನ್ನೂ ಚೀಲವನ್ನು ತಬ್ಬಿಕೊಂಡ ಹಾಗೆಯೇ ಇದ್ದವು.

ಅಪ್ಪ ನಿಧಾನವಾಗಿ ಹಿಂದಕ್ಕೆ ತಿರುಗಿದ. "ಅವತ್ತು ಬ್ರೇಕ್ ಆಕೋವಾಗ ನಾನೂ ನಿಂಗೆ ಏಳಿರ್ಲಿಲ್ಲ, ಅಲ್ವೇನಮ್ಮಾ?" ಎಂದ.

ಚೈತ್ರ ಇಲ್ಲವೆಂದು ತಲೆಯಾಡಿಸಿದಳು. ಹದಿನೈದು ದಿನದಿಂದ ಎದೆಯಲ್ಲಿ ಕುಳಿತಿದ್ದ ಭಾರ ಈಗ ಅಲ್ಲಿರಲಿಲ್ಲ.

ಶೆಡ್ಡಿಗೆ ವಾಪಸ್ ಬಂದು ಅಪ್ಪನೂ ಸೆಲ್ವರಾಜೂ ಕಾರಿನೊಳಗೆ ಬಗ್ಗಿ ರಾಗಿ ಬಾಚತೊಡಗಿದರು. ಚೈತ್ರ ಹೊರಗೆ ಕಲ್ಲಿನ ಮೇಲೆ ಕುಳಿತಳು. ಮುನಿ ಓಡಿ ಬಂದು ಅವಳ ಮುಂದೆ ನಿಂತ.

"ಅಕ್ಕಾ, ತೊಡೆ."

ಚೈತ್ರ ಏಳಲಿಲ್ಲ. ಎರಡೂ ಕೈ ಚಾಚಿದಳು. ಮುನಿ ಹತ್ತಿ ಕುಳಿತು, ಬೆನ್ನು ಅವಳಿಗೆ ಆನಿಸಿಕೊಂಡು, ಕಾಲು ಆಡಿಸತೊಡಗಿದ.

"ರಾಗಿ ಬಾಚಿದ್ದಾಯ್ತು, ಎದ್ದೇಳಮ್ಮಾ, ಒರಡಾನ" ಎಂದಳು ಅಜ್ಜಿ.

"ಇನ್ನೊಂದ್ ಸ್ವಲ್ಪ ಹೊತ್ತು ಇರಜ್ಜಿ" ಎಂದಳು ಚೈತ್ರ.