ಮೂರು ಕಾಲಿನ ಕಳ್ಳ

"ಇದು ನಾನು," ಎನ್ನುತ್ತಾ ಅಜ್ಜ ಸ್ಟೀಲ್ ಲೋಟವನ್ನು ಊಟದ ಮೇಜಿನ ನಡುವೆ ಇಟ್ಟರು. "ಇದು ಗಿರಣಿ ತಂಡದ ಗೋಲ್‌ಕೀಪರ್." ಅದು ಉಪ್ಪಿನ ಡಬ್ಬಿ. "ಆಟ ಮುಗಿಯೋಕೆ ಒಂದೇ ನಿಮಿಷ. ಅವರು ಹನ್ನೊಂದು ಜನ, ಹನ್ನೊಂದು ಜೊತೆ ಬೂಟು. ನಾವು ಹನ್ನೊಂದು ಜನ, ಒಂಬತ್ತೇ ಜೊತೆ ಬೂಟು. ನನ್ನ ಕಾಲಲ್ಲಿ ಏನಿತ್ತು?"

"ಬಟ್ಟೆ ಸುತ್ತಿದ್ದೆ," ಎಂದಳು ಮೊಮ್ಮಗಳು. ಈ ಉತ್ತರವನ್ನು ಅವಳು ನೂರು ಸಲವಾದರೂ ಹೇಳಿದ್ದಳು.

"ಬಟ್ಟೆ ಸುತ್ತಿದ್ದೆ. ಚೆಂಡನ್ನ ಒದ್ದೆ. ಚೆಂಡು ಗೋಲಿನ ಕಡೆ ಹೋಗ್ಲೇ ಇಲ್ಲ, ಎಲ್ಲೋ ಹೊರಗೆ ಹೊರಟಿತ್ತು. ಗೋಲ್‌ಕೀಪರ್ ನಕ್ಕು, ಕೈಕಟ್ಟಿ ನಿಂತ. ಆಗ..."

ಅಜ್ಜ ಒಂದು ಪುಟ್ಟ ಈರುಳ್ಳಿಯನ್ನು ಉರುಳಿಸಿದರು. ಯಾರಿಗೂ ಕಾಣಲಿಲ್ಲವೆಂದುಕೊಂಡು ಅದನ್ನು ಕಿರುಬೆರಳಿನಿಂದ ಪಕ್ಕಕ್ಕೆ ತಳ್ಳಿದರು. ಈರುಳ್ಳಿ ಸೊಗಸಾಗಿ ಬಾಗಿ, ಉಪ್ಪಿನ ಡಬ್ಬಿಯ ಬೆನ್ನ ಹಿಂದೆ ಹೋಗಿ ನಿಂತಿತು.

"ಬಾಗಿತು. ಈ ಕಾಲು ಬಾಗಿಸಿತು."

"ಕಿರುಬೆರಳು ಬಾಗಿಸಿತು."

"ಮೇಜಿನ ಮೇಲೆ ಕಿರುಬೆರಳು. ಮೈದಾನದಲ್ಲಿ ಕಾಲು," ಎಂದರು ಅಜ್ಜ ಗಂಭೀರವಾಗಿ.

ಐವತ್ತು ವರ್ಷಗಳ ಹಿಂದಿನ ಆ ಒಂದು ಗೋಲಿನಿಂದಲೇ ಬೀದಿಯ ಕ್ಲಬ್ಬು ಉಳಿದುಕೊಂಡಿತ್ತು. ಒಂಬತ್ತು ಜೊತೆ ಬೂಟಿನ ಕ್ಲಬ್ಬಿನಲ್ಲಿ ಈಗ ಏಳು ತಂಡಗಳಿದ್ದವು. ಅವುಗಳಲ್ಲಿ ಎರಡು ಹುಡುಗಿಯರವು. ಲೀಗಿನಲ್ಲಿ ಆಡಲು ಅವಕಾಶವೂ ಸಿಕ್ಕಿತ್ತು. ಆದರೆ ಲೀಗಿನವರು ಒಂದು ಷರತ್ತು ಹಾಕಿದ್ದರು: ಮೈದಾನ ಮಟ್ಟವಾಗಿರಬೇಕು, ಕೂರಲು ಮೆಟ್ಟಿಲುಗಳಿರಬೇಕು.

ಹಾಗಾಗಿ ಆ ಬೇಸಗೆ ರಜೆಯಲ್ಲಿ ಇಡೀ ಬೀದಿ ಮೈದಾನಕ್ಕೆ ಇಳಿದಿತ್ತು. ವೆಲ್ಡಿಂಗ್ ಅಂಗಡಿಯವರು ಗೋಲುಕಂಬಗಳನ್ನು ಮಾಡಿಕೊಟ್ಟರು. ಲಾರಿಯವರು ಮಣ್ಣು ತಂದು ಸುರಿದರು. ಹುಡುಗಿಯ ಅಮ್ಮ ಟೈಲರ್; ಅವಳು ಕಿಟಕಿಯ ಬಳಿ ಕುಳಿತು, ನೈಲಾನ್ ಹಗ್ಗದಲ್ಲಿ ಗೋಲಿನ ಬಲೆ ಹೆಣೆಯುತ್ತಿದ್ದಳು.

ಅಷ್ಟರಲ್ಲಿ ಬಾಗಿಲಲ್ಲಿ ಮೈದಾನದ ಕೆಲಸದ ಮೇಸ್ತ್ರಿ ಕಾಣಿಸಿಕೊಂಡರು. ಅವರ ಕಿವಿಯ ಸಂದಿಯಲ್ಲಿ ಪೆನ್ಸಿಲ್ ಇತ್ತು, ಮುಖದಲ್ಲಿ ಕೋಪವಿತ್ತು. ಅವರ ಹಿಂದೆ ಕೋಚ್ ಅಕ್ಕನೂ ಇದ್ದರು. ಅಕ್ಕ ಬೆಳಿಗ್ಗೆ ಶಾಲೆಯ ಬಸ್ಸು ಓಡಿಸುತ್ತಿದ್ದರು, ಸಂಜೆ ಮಕ್ಕಳನ್ನು ಓಡಿಸುತ್ತಿದ್ದರು.

"ತರಲೆ ಎಲ್ಲಿ?" ಎಂದರು ಮೇಸ್ತ್ರಿ.

ಬೀದಿಯವರೆಲ್ಲ ಹುಡುಗಿಯನ್ನು ಕರೆಯುತ್ತಿದ್ದುದೇ ಹಾಗೆ. ಆ ಹೆಸರನ್ನು ಅವಳು ಕಷ್ಟಪಟ್ಟು ಸಂಪಾದಿಸಿದ್ದಳು. ಹೋದ ವರ್ಷ ಅವಳು ಕೋಚ್ ಅಕ್ಕನ ಸೀಟಿಯೊಳಗೆ ಸೋಪಿನ ನೀರು ಹಾಕಿದ್ದಳು. ಅಕ್ಕ ಪೆನಾಲ್ಟಿಗೆ ಸೀಟಿ ಊದಿದಾಗ ಸದ್ದು ಬರಲಿಲ್ಲ, ನೊರೆಗುಳ್ಳೆಗಳು ಬಂದವು. ಎರಡೂ ತಂಡದವರು ಆಟ ಬಿಟ್ಟು ಗುಳ್ಳೆ ಹಿಡಿಯಲು ಓಡಿದ್ದರು.

"ನಾನೇನೂ ಮಾಡಿಲ್ಲ," ಎಂದಳು ತರಲೆ. ಈ ಬಾರಿ ಅದು ನಿಜವಾಗಿತ್ತು.

"ನಾನಿನ್ನೂ ಏನೂ ಕೇಳೇ ಇಲ್ವಲ್ಲ," ಎಂದರು ಮೇಸ್ತ್ರಿ. "ಮೂರು ದಿನದಿಂದ ಯಾರೋ ನನ್ನ ಗೂಟ ಕೆಳಗಿಳಿಸ್ತಿದ್ದಾರೆ. ನಾವು ಊಟಕ್ಕೆ ಕೂತು ಏಳೋದ್ರಲ್ಲಿ ರಸ್ತೆ ಬದಿ ಗೂಟ ಎಲ್ಲಾ ನಾಲ್ಕು ಬೆರಳು ಇಳಿದಿರುತ್ತೆ."

ಮೈದಾನವನ್ನು ಮಟ್ಟ ಮಾಡಲು ಮೇಸ್ತ್ರಿ ಸುತ್ತಲೂ ಗೂಟ ಹೊಡೆದು ದಾರ ಕಟ್ಟಿದ್ದರು. ದಾರ ಎಷ್ಟು ಎತ್ತರದಲ್ಲಿದೆಯೋ ಅಷ್ಟು ಮಣ್ಣು ತುಂಬಬೇಕು. ಆ ಎತ್ತರವನ್ನು ಅವರು ನೀರು ತುಂಬಿದ ಉದ್ದನೆಯ ಪೈಪಿನಿಂದ ಅಳೆದಿದ್ದರು. ಪೈಪಿನ ಎರಡು ತುದಿಗಳಲ್ಲೂ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಹಾಗೆ ಅಳೆದಾಗಲೇ ಎಲ್ಲರಿಗೂ ಗೊತ್ತಾದದ್ದು: ನೀರಿನ ಟ್ಯಾಂಕಿನ ಬದಿಗಿಂತ ರಸ್ತೆಯ ಬದಿ ಒಂದು ಮೊಳ ತಗ್ಗಾಗಿದೆ. ಕಣ್ಣಿಗೆ ಅದು ಕಾಣುತ್ತಲೇ ಇರಲಿಲ್ಲ. ಚೆಂಡು ಯಾವಾಗಲೂ ರಸ್ತೆಯ ಕಡೆ ಉರುಳುವುದನ್ನು ಕಂಡು ಮಕ್ಕಳು, "ಚೆಂಡಿಗೆ ಬಸ್ಸು ನೋಡೋ ಆಸೆ," ಎನ್ನುತ್ತಿದ್ದರು.

"ಮಣ್ಣು ಹಸಿ ಇರುತ್ತೆ, ಗೂಟ ತಾನಾಗೇ ಕುಸಿದಿರಬಹುದು," ಎಂದರು ಅಜ್ಜ, ಈರುಳ್ಳಿಯ ಸಿಪ್ಪೆ ಬಿಡಿಸುತ್ತಾ.

"ತಾನಾಗೇ ಕುಸಿದ್ರೆ ಗೂಟದ ತಲೆ ಮೇಲೆ ಕಲ್ಲೇಟು ಯಾಕೆ ಬೀಳುತ್ತೆ, ಯಜಮಾನ್ರೇ?"

ಅಜ್ಜ ಮತ್ತೊಂದು ಈರುಳ್ಳಿ ಎತ್ತಿಕೊಂಡರು. ಸಿಪ್ಪೆ ಬಿಡಿಸುವ ಕೆಲಸದಲ್ಲಿ ಮುಳುಗಿದ್ದರು.

ಕೋಚ್ ಅಕ್ಕ ಬೆರಳೆತ್ತಿದರು. "ನೋಡು ತರಲೆ. ಗೂಟ ಮುಟ್ಟಿದವರು ಯಾರೇ ಆಗಿರಲಿ, ಉದ್ಘಾಟನೆ ಮ್ಯಾಚ್‌ನಿಂದ ಅರ್ಧ ದಾರೀಲೇ ಇಳಿಸ್ತೀನಿ."

ಆ ಮ್ಯಾಚಿನಲ್ಲಿ ಏಳನೆಯ ನಂಬರಿನ ಅಂಗಿ ತರಲೆಯದು. ಅಮ್ಮ ಅದಕ್ಕೆ ನಂಬರನ್ನು ಹೊಲಿದೂ ಆಗಿತ್ತು. ರಾತ್ರಿ ಅದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡೇ ಅವಳು ಮಲಗುತ್ತಿದ್ದಳು.

'ಕಳ್ಳನನ್ನ ನಾನೇ ಹಿಡೀತೀನಿ,' ಎಂದುಕೊಂಡಳು.

ಮರುದಿನ ಮಧ್ಯಾಹ್ನ ಕೆಲಸದವರು ಟ್ಯಾಂಕಿನ ನೆರಳಿಗೆ ಊಟಕ್ಕೆ ಹೋದರು. ತರಲೆ ಮೈದಾನದ ಗೆರೆ ಹಾಕುವ ಸುಣ್ಣದ ಪುಡಿಯನ್ನು ಎರಡು ಬೊಗಸೆ ತಂದಳು. ರಸ್ತೆಯ ಬದಿಯ ಗೂಟಗಳ ಸುತ್ತ ಅದನ್ನು ತೆಳ್ಳಗೆ ಉದುರಿಸಿದಳು. ಆಮೇಲೆ ಏನೂ ಅರಿಯದವಳಂತೆ ಮನೆಗೆ ಹೋಗಿ, ಐದೇ ನಿಮಿಷದಲ್ಲಿ ಊಟ ಮುಗಿಸಿ ಓಡಿಬಂದಳು.

ಗೂಟಗಳು ಇಳಿದಿದ್ದವು. ಪುಡಿಯ ಮೇಲೆ ಗುರುತುಗಳು ಮೂಡಿದ್ದವು. ಒಂದು ಎಡಗಾಲಿನ ಚಪ್ಪಲಿ, ಒಂದು ಬಲಗಾಲಿನ ಚಪ್ಪಲಿ, ಪಕ್ಕದಲ್ಲಿ ಒಂದು ದುಂಡನೆಯ ಚುಕ್ಕಿ. ಮತ್ತೆ ಎಡ, ಬಲ, ಚುಕ್ಕಿ.

"ಕಳ್ಳನಿಗೆ ಮೂರು ಕಾಲು," ಎಂದು ಅವಳಿಗೆ ನಗು ಬಂತು.

ಬಿಳಿಯ ಚುಕ್ಕಿಗಳನ್ನೇ ಹಿಡಿದು ಹೊರಟಳು. ಅವು ರಸ್ತೆ ದಾಟಿದವು. ವೆಲ್ಡಿಂಗ್ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ಮಾತಾಡಿದಂತೆ ಒತ್ತೊತ್ತಾಗಿ ಮೂಡಿದ್ದವು. ಕೊನೆಗೆ ಒಂದು ನೀಲಿ ಬಾಗಿಲಿನ ಮುಂದೆ ನಿಂತುಹೋದವು.

ಅದು ಅವಳ ಮನೆಯ ಬಾಗಿಲು.

ಬೀದಿಯಲ್ಲಿ ಊರುಗೋಲು ಹಿಡಿದು ನಡೆಯುವವರು ಒಬ್ಬರೇ. ತರಲೆ ತಿರುಗಿ, ಬಂದ ದಾರಿಯಲ್ಲೇ ಒಂದೇ ಉಸಿರಿಗೆ ಓಡಿದಳು. ಗೂಟಗಳ ಸುತ್ತ ಬರಿಗಾಲಿನಲ್ಲಿ ಕುಣಿಕುಣಿದು ಗುರುತುಗಳನ್ನೆಲ್ಲ ಅಳಿಸತೊಡಗಿದಳು.

"ಸಿಕ್ಕಿಬಿದ್ದೆ," ಎಂದು ಮೇಸ್ತ್ರಿಯ ದನಿ ಕೇಳಿತು.

ಅವಳ ಕಾಲುಗಳು ಮೊಣಕಾಲಿನವರೆಗೂ ಬೆಳ್ಳಗಾಗಿದ್ದವು. ಕೆಲಸದವರೆಲ್ಲ ಸುತ್ತ ನಿಂತರು. ಕೋಚ್ ಅಕ್ಕ ಅವಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಮೆಲ್ಲಗೆ ಕೇಳಿದರು. "ನಿಜ ಹೇಳು. ನೀನೇನಾ?"

ಒಂದೇ ಮಾತು ಸಾಕಿತ್ತು. ಆ ಮಾತು ತುಟಿಯವರೆಗೆ ಬಂದು ನಿಂತಿತು.

"ಕಾಲು ತುರಿಸ್ತಿತ್ತು ಅಕ್ಕ. ಅದಕ್ಕೆ ಕುಣೀತಿದ್ದೆ."

ಅಕ್ಕ ನಗಲಿಲ್ಲ. ಎದ್ದು ನಿಂತು, "ಇಳಿ," ಎಂದಷ್ಟೇ ಹೇಳಿದರು.

ಹಿತ್ತಲಿನ ನಲ್ಲಿಯ ಬಳಿ ಅಜ್ಜ ಊರುಗೋಲಿನ ರಬ್ಬರ್ ತುದಿಯನ್ನು ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕುತ್ತಿದ್ದರು. ಮೊಮ್ಮಗಳನ್ನು ಕಂಡು ಅವರ ಕೈ ಹಾಗೇ ನಿಂತಿತು. ಅವರು ಅವಳ ಬಿಳಿಯ ಕಾಲು ನೋಡಿದರು. ಅವಳು ಬಿಳಿಯ ಊರುಗೋಲು ನೋಡಿದಳು.

"ಅದು ನನ್ನ ಬ್ರಷ್," ಎಂದಳು ತರಲೆ.

"ಹಳೇದು ಅಂದ್ಕೊಂಡೆ."

"ಯಾಕಜ್ಜ ಹೀಗೆ ಮಾಡ್ದೆ?"

ಅಜ್ಜ ನಲ್ಲಿ ನಿಲ್ಲಿಸಿದರು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತರು. "ಆ ಇಳಿಜಾರು ಹೋದ್ರೆ ನನ್ನ ಗೋಲೂ ಹೋಗುತ್ತೆ ಕಣೇ. ಚೆಂಡನ್ನ ಬಾಗಿಸಿದ್ದು ನನ್ನ ಕಾಲಲ್ಲ, ನೆಲ. ಐವತ್ತು ವರ್ಷದಿಂದ ಕಾಲು, ಕಾಲು ಅಂತ ಹೇಳ್ಕೊಂಡು ಬಂದೆ. ನೆಲ ಮಟ್ಟ ಆದ್ಮೇಲೆ ಯಾರಾದ್ರೂ ಒಬ್ಬರು ಬಂದು, ಅಜ್ಜ, ಇನ್ನೊಂದ್ಸಲ ಬಾಗಿಸಿ ತೋರ್ಸಿ ಅಂದ್ರೆ?"

ತರಲೆ ಮೂಗು ಒರೆಸಿಕೊಂಡಳು.

"ನೀನ್ಯಾಕೆ ಅಳ್ತಿದ್ದೀಯ?"

"ಅಳ್ತಿಲ್ಲ. ಸುಣ್ಣ ಕಣ್ಣಿಗೆ ಹೋಗಿದೆ. ನನ್ನನ್ನ ಮ್ಯಾಚ್‌ನಿಂದ ಇಳಿಸಿದ್ರು."

ಅಜ್ಜ ಅರ್ಧ ತೊಳೆದ ಊರುಗೋಲನ್ನೇ ಹಿಡಿದು ಎದ್ದರು. "ನಡಿ," ಎಂದರು.

ಮೈದಾನದ ನಡುವೆ ನಿಂತು ಊರುಗೋಲನ್ನು ಬಾವುಟದಂತೆ ಎತ್ತಿ ಹಿಡಿದರು. "ಮೇಸ್ತ್ರಿ, ನಿಮ್ಮ ಕಳ್ಳನ ಮೂರನೇ ಕಾಲು ಇಲ್ಲಿದೆ ನೋಡಿ. ಈ ಹುಡುಗಿ ನನ್ನ ಗುರುತು ಅಳಿಸೋಕೆ ಕುಣಿದಿದ್ದು."

ಎಲ್ಲರೂ ನಕ್ಕರು. ಆದರೆ ಅಜ್ಜ ಇಳಿಜಾರಿನ ವಿಷಯವನ್ನೂ ಹೇಳಿದರು. ಆಗ ನಗು ನಿಂತಿತು. ಮೇಸ್ತ್ರಿ ಕಿವಿಯಿಂದ ಪೆನ್ಸಿಲ್ ತೆಗೆದರು, ಅದನ್ನೇ ನೋಡಿದರು, ಮತ್ತೆ ಅಲ್ಲೇ ಇಟ್ಟುಕೊಂಡರು.

"ಆ ಗೋಲಿನ ಕತೆ ಕೇಳ್ಕೊಂಡೇ ನಾನು ಬೆಳೆದಿದ್ದು, ಯಜಮಾನ್ರೇ," ಎಂದರು. "ಹಾಗಾದ್ರೆ ಅದು ಬರೀ ಇಳಿಜಾರಾ?"

"ಬರೀ ಇಳಿಜಾರು," ಎಂದರು ಅಜ್ಜ.

ಕೋಚ್ ಅಕ್ಕ ತರಲೆಯ ತಲೆಯ ಮೇಲೆ ಕೈಯಿಟ್ಟರು. "ನೀನು ಬಸ್ ಹತ್ತು. ಆದ್ರೆ ಸುಣ್ಣ ಹಾಳು ಮಾಡಿದ್ದಕ್ಕೆ ಮೈದಾನದ ಗೆರೆ ಪೂರ್ತಿ ನೀನೇ ಹಾಕ್ಬೇಕು."

ಆಮೇಲೆ ಗೂಟಗಳು ಇಳಿಯಲಿಲ್ಲ. ಹತ್ತು ದಿನಗಳಲ್ಲಿ ಮೈದಾನ ಮಟ್ಟವಾಯಿತು, ಮೆಟ್ಟಿಲುಗಳಿಗೆ ಬಣ್ಣ ಬಂತು. ಆ ಹತ್ತು ದಿನಗಳಲ್ಲಿ ಅಜ್ಜ ಒಮ್ಮೆಯೂ ಮೇಜಿನ ಮೇಲೆ ಲೋಟ ಇಡಲಿಲ್ಲ. ಈರುಳ್ಳಿಗಳು ಬುಟ್ಟಿಯಲ್ಲೇ ಉಳಿದವು.

ಮೊದಲ ಪ್ರಾಕ್ಟೀಸಿನ ದಿನ ತರಲೆ ಅಜ್ಜನ ಕೈ ಹಿಡಿದು ಎಳೆದುಕೊಂಡು ಬಂದು ಮೆಟ್ಟಿಲ ಮೇಲೆ ಕೂರಿಸಿದಳು. ಗೋಲಿಗೆ ಅಮ್ಮ ಹೆಣೆದ ಹೊಸ ಬಲೆ ಕಟ್ಟಿದ್ದರು. ತರಲೆ ಮೊದಲು ಒದ್ದಳು. ಚೆಂಡು ನೆಲಕ್ಕಂಟಿಕೊಂಡು ಉರುಳಿ, ಗೋಲು ಬಿಟ್ಟು ಟ್ಯಾಂಕಿನ ಕಡೆಗೆ ಹೋಯಿತು.

ಎರಡನೆಯವಳು ಒದ್ದಳು. ಅದೂ ಟ್ಯಾಂಕಿನ ಕಡೆಗೆ. ಮೂರನೆಯದು, ನಾಲ್ಕನೆಯದು, ಹೀಗೆ ಹನ್ನೊಂದನೆಯದರವರೆಗೆ ಎಲ್ಲವೂ ಟ್ಯಾಂಕಿನ ಕಡೆಗೇ ಹೋದವು. ಬಲೆಯನ್ನು ಒಂದು ಚೆಂಡೂ ಮುಟ್ಟಲಿಲ್ಲ. ಮೇಸ್ತ್ರಿ ಗಾಬರಿಯಿಂದ ಪೈಪು ತಂದು ಮೂರು ಸಲ ಅಳೆದರು. ನೆಲ ಮಟ್ಟವಾಗಿಯೇ ಇತ್ತು.

"ನಿಮ್ಮ ಕಾಲಿಗೆ ಏನಾಗಿದೆ? ಎಲ್ಲಿ ನೋಡಿ ಒದೀತಿದ್ದೀರ?" ಎಂದು ಕೋಚ್ ಅಕ್ಕ ತಲೆ ಹಿಡಿದುಕೊಂಡರು.

"ನೀವು ಹೇಳಿಕೊಟ್ಟಿದ್ದೇ ಅಕ್ಕ," ಎಂದಳು ತರಲೆ. "ಗೋಲ್ ನೋಡ್ಬೇಡ, ಟ್ಯಾಂಕಿನ ಮೂರನೇ ಕಂಬ ನೋಡಿ ಒದಿ ಅಂತ."

ಅಕ್ಕ ತಿರುಗಿ ಟ್ಯಾಂಕಿನ ಕಂಬಗಳನ್ನು ನೋಡಿದರು.

"ನಿಮಗೆ ಯಾರು ಹೇಳಿಕೊಟ್ಟಿದ್ದು?" ಎಂದು ತರಲೆ ಕೇಳಿದಳು.

"ನಮ್ಮ ಚಿಕ್ಕಪ್ಪ."

"ಅವರಿಗೆ?"

ಅಕ್ಕ ನಿಧಾನವಾಗಿ ಮೆಟ್ಟಿಲುಗಳ ಕಡೆ ತಿರುಗಿದರು. ಅಲ್ಲಿ ಅಜ್ಜ ಊರುಗೋಲಿನ ಮೇಲೆ ಗಲ್ಲವಿಟ್ಟುಕೊಂಡು ನಗುತ್ತಿದ್ದರು. ಭುಜಗಳು ಕುಲುಕುತ್ತಿದ್ದವು, ಕಣ್ಣಲ್ಲಿ ನೀರು ಬಂದಿತ್ತು.

ತರಲೆ ಮೆಟ್ಟಿಲೇರಿ ಅವರ ಪಕ್ಕ ಕುಳಿತಳು. "ಮೂರನೇ ಕಂಬಾನೇ ಯಾಕಜ್ಜ? ನಾಲ್ಕನೇದು ಯಾಕಲ್ಲ?"

"ಆ ಇಳಿಜಾರಲ್ಲಿ ನಾಲ್ಕನೇದು ನೋಡಿ ಒದ್ರೆ ಚೆಂಡು ಬಾಗಿದ್ರೂ ಗೋಲಿನ ಹೊರಗೇ ಉಳೀತಿತ್ತು. ಎರಡನೇದು ನೋಡಿ ಒದ್ರೆ ನೇರ ಗೋಲ್‌ಕೀಪರ್ ಕೈಗೆ."

"ಅದು ನಿಂಗೆ ಹೇಗೆ ಗೊತ್ತಾಯ್ತು?"

"ಎರಡು ತಿಂಗಳು ಬೇಕಾಯ್ತು. ದಿನಾ ಬೆಳಿಗ್ಗೆ ಗಿರಣಿ ಸೈರನ್ ಆಗೋಕೆ ಮುಂಚೆ ಬಂದು ಒಬ್ಬನೇ ಒದೀತಿದ್ದೆ. ಒದ್ದು ಒದ್ದು ಹೆಬ್ಬೆರಳಿನ ಉಗುರು ಕಿತ್ತು ಬಂತು. ಬಟ್ಟೆ ಸುತ್ತಿದ್ದು ಬೂಟಿಲ್ಲದ್ದಕ್ಕಷ್ಟೇ ಅಲ್ಲ."

"ಇದನ್ನ ನೀನು ಯಾವತ್ತೂ ಹೇಳೇ ಇಲ್ಲ."

"ಕತೆಗೆ ಅದು ಚೆನ್ನಾಗಿರಲ್ಲ ಅನ್ನಿಸ್ತು," ಎಂದರು ಅಜ್ಜ.

ಕೆಳಗೆ ಮೇಸ್ತ್ರಿ ಪೈಪು ಸುತ್ತುವುದನ್ನು ಬಿಟ್ಟು ಕತ್ತೆತ್ತಿ ಕೇಳುತ್ತಿದ್ದರು. ಆಮೇಲೆ ಅವರು ಟ್ಯಾಂಕಿನ ಕಡೆ ನಡೆದುಹೋಗಿ, ಒಂದು, ಎರಡು, ಮೂರು ಎಂದು ಕಂಬಗಳನ್ನು ಎಣಿಸಿದರು. ಮೂರನೆಯದರ ಮೇಲೆ ಪೆನ್ಸಿಲಿನಿಂದ ಏನೋ ಗುರುತು ಹಾಕಿದರು. ತರಲೆ ಅದನ್ನು ನೋಡುತ್ತಾ ಬಹಳ ಹೊತ್ತು ಕುಳಿತಿದ್ದಳು. ಯಾವ ತಂಟೆಯನ್ನೂ ಮಾಡದೆ ಅವಳು ಅಷ್ಟು ಹೊತ್ತು ಕುಳಿತದ್ದು ಅದೇ ಮೊದಲು.

ಉದ್ಘಾಟನೆಯ ಹಿಂದಿನ ಸಂಜೆ ಅಮ್ಮ ಅಡುಗೆಮನೆಯಿಂದ ಇಣುಕಿದಾಗ ಊಟದ ಮೇಜು ಓರೆಯಾಗಿ ನಿಂತಿತ್ತು. ಅದರ ಒಂದು ಬದಿಯ ಎರಡು ಕಾಲುಗಳ ಕೆಳಗೆ ತರಲೆಯ ಬೂಟುಗಳಿದ್ದವು.

"ಏನೇ ಇದು ಅವತಾರ?"

"ಹಳೇ ಮೈದಾನ, ಅಮ್ಮ."

ತರಲೆ ಸ್ಟೀಲ್ ಲೋಟವನ್ನು ಅಜ್ಜನ ಮುಂದೆ ಇಟ್ಟಳು. ಉಪ್ಪಿನ ಡಬ್ಬಿಯನ್ನು ಎದುರು ತುದಿಯಲ್ಲಿ ನಿಲ್ಲಿಸಿದಳು. ಬುಟ್ಟಿಯಿಂದ ಅತ್ಯಂತ ದುಂಡಗಿನ ಈರುಳ್ಳಿಯನ್ನು ಹುಡುಕಿ ತಂದು ಅವರ ಅಂಗೈಯಲ್ಲಿಟ್ಟಳು.

"ಇನ್ನೊಂದ್ಸಲ ಹೇಳಜ್ಜ," ಎಂದಳು. "ಆ ಎರಡು ತಿಂಗಳಿಂದ ಶುರು ಮಾಡು. ಮತ್ತೆ, ಕಿರುಬೆರಳು ಜೇಬಲ್ಲಿರಲಿ."